ಹೊಗೆಯ ಋಣ

ನನ್ನ ದೇಹ ಸುಡುವ ವಾಸನೆ ಹೇಗಿರುತ್ತದೆಂದು ನನಗೆ ಗೊತ್ತು. ಇದೇನು ಇಂಥ ಅಪಶಕುನದ ಮಾತಿನಿಂದ ಶುರು ಮಾಡಿದಳು ಎಂದುಕೊಳ್ಳಬೇಡಿ. ಮೂರು ವರ್ಷಗಳ ಹಿಂದೆ ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗಿ, ಪಾಠ ಮಾಡುತ್ತಿರುವಾಗಲೇ ತಲೆ ಸುತ್ತಿ ಮೇಜು ಹಿಡಿದು ನಿಲ್ಲುವ ಸ್ಥಿತಿ ಬಂತು. ಕೊನೆಗೆ ಆಪರೇಷನ್ ಮಾಡಿಸಿಕೊಳ್ಳದೆ ಗತಿಯಿರಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರ ಮಾತ್ರ ಪೂರ್ತಿ ಇತ್ತು. ಎದೆಯ ಮೇಲೆ ಅಡ್ಡವಾಗಿ ಹಸಿರು ಬಟ್ಟೆ ಕಟ್ಟಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬಂತು. ದೇವರ ಮುಂದೆ ಬಗ್ಗಿದಾಗ ದೀಪದ ಕುಡಿಗೆ ಕೂದಲು ತಗುಲಿದರೆ ಬರುತ್ತದಲ್ಲ, ಅಂಥದೇ ವಾಸನೆ.

"ಏನೋ ಸುಡ್ಲಕತ್ತದಲ್ಲ?" ಎಂದೆ.

"ಏನಿಲ್ರಿ ಅಕ್ಕೋರ, ರಕ್ತ ನಿಲ್ಲಸ್ಲಕತ್ತಾರ. ಹೆದರಬ್ಯಾಡ್ರಿ" ಎಂದು ನನ್ನ ತಲೆಯ ಹತ್ತಿರ ನಿಂತಿದ್ದ ನರ್ಸು ಹೇಳಿದಳು.

'ಅಕ್ಕೋರ' ಎಂಬ ಆ ಒಂದು ಮಾತಿಗೆ ನಾನು ಕತ್ತೆತ್ತಿ ನೋಡಿದೆ. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. ಆದರೆ ಮಾಸ್ತರಿಕೆ ಮಾಡಿದವರಿಗೆ ಕಣ್ಣು ಸಾಕು, ಮೂರನೆಯ ಬೆಂಚಿನ ಹುಡುಗಿ ಯಾರೆಂದು ತಿಳಿಯುತ್ತದೆ. ಅವಳು ನನ್ನ ವಿದ್ಯಾರ್ಥಿನಿ. ಆ ಕಣ್ಣುಗಳಲ್ಲಿ ನೀರಿತ್ತು. ನನಗಾಗಿ ಅಳುತ್ತಿದ್ದಾಳೆಂದು ತಿಳಿದು ನನ್ನ ಮನಸ್ಸು ತುಂಬಿ ಬಂತು. ಅದು ಹೊಗೆಯ ನೀರು ಎಂದು ಗೊತ್ತಾದದ್ದು ಒಂದೂವರೆ ತಿಂಗಳ ಮೇಲೆ.

ಅವಳು ನೌಬಾದಿನ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದಳು. ಚಹಾ ಕುಡಿಯುತ್ತ, "ಅವತ್ತು ನೀನು ಅತ್ತದ್ದನ್ನು ನಾನು ನೋಡಿದೆ" ಎಂದೆ. ಅವಳು ನಕ್ಕುಬಿಟ್ಟಳು. "ಅಳಲಿಲ್ರಿ ಅಕ್ಕೋರ. ಆ ಹೊಗಿಗಿ ಕಣ್ಣು ಉರಿತಾವ. ದೊಡ್ಡ ಆಪರೇಷನ್ ಇದ್ದ ದಿನ ತಲಿ ಸಿಡಿತದ, ಗಂಟಲ ಕೆರಿತದ. ಮೊದಮೊದಲು ಊಟಾನೂ ಸೇರ್ತಿರಲಿಲ್ಲ. ಈಗ ರೂಢಿ ಆಗ್ಯದ." ಹೊಗೆಯನ್ನು ಎಳೆದುಕೊಳ್ಳುವ ಯಂತ್ರ ಇಲ್ಲವೇ ಎಂದು ಕೇಳಿದೆ. ಇದೆಯಂತೆ. ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದಾರಂತೆ. ಅದರ ಫಿಲ್ಟರ್ ಮುಗಿದು ಬಹಳ ದಿನವಾಯಿತು, ಮೇಲಾಗಿ ಅದು ಸದ್ದು ಮಾಡುತ್ತದೆ, ಸದ್ದಿಗೆ ಮಾತು ಕೇಳಿಸುವುದಿಲ್ಲ. ಹೀಗೆ ಅವಳೇ ಅದರ ಪರವಾಗಿ ಎಲ್ಲ ಕಾರಣಗಳನ್ನೂ ಕೊಟ್ಟಳು.

"ನೀ ಯಾಕ ಕೇಳಲಿಲ್ಲ?" ಎಂದೆ.

"ಕೇಳಲಿಕ್ಕ ನಾ ಎಷ್ಟರಕಿ ಅಕ್ಕೋರ? ನೀವೇ ಹೇಳಿಕೊಟ್ಟೀರಲ್ಲ, ದೊಡ್ಡವರ ಮುಂದ ಎದರು ಮಾತಾಡಬಾರದು ಅಂತ."

ಅವಳು ತಮಾಷೆಗೆ ಅಂದದ್ದು. ಆದರೆ ಅವಳು ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಅವಳ ನಡತೆ ಪ್ರಮಾಣಪತ್ರದಲ್ಲಿ 'ವಿಧೇಯಳು, ಸಹನಶೀಲಳು' ಎಂದು ಬರೆದ ಕೈ ನನ್ನದೇ. ಎಷ್ಟು ನೂರು ಹುಡುಗಿಯರಿಗೆ ಹಾಗೆ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ.

ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಕನ್ನಡ ಮತ್ತು ಸಮಾಜ ವಿಜ್ಞಾನ. ಆದರೂ ಮನಸ್ಸಿಗೆ ಹತ್ತಿದ ಮುಳ್ಳನ್ನು ತೆಗೆಯದೆ ಇರಲಾಗದು. ವಿಜ್ಞಾನದ ಸಹೋದ್ಯೋಗಿಯೊಬ್ಬರನ್ನು ಕಾಡಿ ಬೇಡಿ, ಸಿಕ್ಕದ್ದನ್ನೆಲ್ಲ ಓದಿಸಿಕೊಂಡು ತಿಳಿದುಕೊಂಡೆ.

ಈ ವಿದ್ಯುತ್ ಚಾಕು ಇಂದು ನಿನ್ನೆಯದಲ್ಲ. ವಿಲಿಯಂ ಬೋವಿ ಎಂಬ ವಿಜ್ಞಾನಿ ಸಿದ್ಧಪಡಿಸಿದ ಯಂತ್ರವನ್ನು ಹಾರ್ವೆ ಕುಶಿಂಗ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು 1926ರ ಅಕ್ಟೋಬರ್ 1ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮೊದಲ ಸಲ ಬಳಸಿದರು. ಕತ್ತರಿಸಿದ ಕಡೆಯೇ ರಕ್ತನಾಳವನ್ನು ಸುಟ್ಟು ಮುಚ್ಚುವುದರಿಂದ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಅದಿಲ್ಲದಿದ್ದರೆ ಮೊದಲೇ ರಕ್ತವಿಲ್ಲದೆ ಬಿಳಿಚಿಕೊಂಡಿದ್ದ ನನ್ನಂಥವಳ ಪಾಡು ಏನಾಗುತ್ತಿತ್ತೋ! ಆದ್ದರಿಂದ ಆ ಯಂತ್ರವನ್ನು ನಾನು ದೂರುವುದಿಲ್ಲ. ಅದರ ಉಪಕಾರದಿಂದಲೇ ಇವತ್ತು ಕೂತು ಬರೆಯುತ್ತಿದ್ದೇನೆ.

ಆದರೆ ಅದು ಕೆಲಸ ಮಾಡುವ ಬಗೆ ನೋಡಿ. ಕಾವು ತಗುಲಿದಾಗ ನಮ್ಮ ಮೈಯ ಜೀವಕೋಶಗಳೊಳಗಿನ ನೀರು ಕುದಿದು ಕೋಶವೇ ಒಡೆಯುತ್ತದೆ. ಆ ಆವಿಯ ಜೊತೆಗೆ ಕೋಶದ ಚೂರುಗಳೂ ಗಾಳಿಗೆ ಏರುತ್ತವೆ. ಈ ಹೊಗೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬರೀ ನೀರಾವಿ ಎನ್ನುತ್ತಾರೆ. ಉಳಿದ ಐದು ಪಾಲಿನಲ್ಲಿಯೇ ಎಲ್ಲ ಇರುವುದು: ಬೆಂಜೀನ್, ಫಾರ್ಮಾಲ್ಡಿಹೈಡ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್, ಜೊತೆಗೆ ಒಮ್ಮೊಮ್ಮೆ ವೈರಸ್ಸಿನ ತುಣುಕುಗಳು. ಈ ಕಣಗಳಲ್ಲಿ ಬಹಳಷ್ಟು ಒಂದು ಮೈಕ್ರಾನಿಗಿಂತಲೂ ಸಣ್ಣವು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಇವು ಎಷ್ಟು ಸೂಕ್ಷ್ಮ ಎಂದು ನೀವೇ ಊಹಿಸಿಕೊಳ್ಳಿ.

ಮಾಸ್ಕ್ ಹಾಕಿರುತ್ತಾರಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆಪರೇಷನ್ ಕೋಣೆಯ ಸಾಧಾರಣ ಮಾಸ್ಕ್ ಇರುವುದೇ ಹಾಕಿಕೊಂಡವರ ಬಾಯಿ ಮೂಗಿನ ಹನಿಗಳು ರೋಗಿಯ ತೆರೆದ ಗಾಯಕ್ಕೆ ಬೀಳದಿರಲಿ ಎಂದು. ಅದರ ಅಂಚಿನಿಂದ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಅಂದರೆ ಅವತ್ತು ಆ ಹುಡುಗಿಯ ಮಾಸ್ಕ್ ಅವಳಿಂದ ನನ್ನನ್ನು ಕಾಯುತ್ತಿತ್ತು. ನನ್ನಿಂದ ಅವಳನ್ನು ಕಾಯುವಂಥದು ಆ ಕೋಣೆಯಲ್ಲಿ ಏನೂ ಇರಲಿಲ್ಲ.

ವೈರಸ್ಸಿನ ಮಾತು ಬರೀ ಊಹೆಯೇ? ಅಲ್ಲ. ನರಹುಲಿಗಳನ್ನು ಲೇಸರ್‌ನಿಂದ ಸುಟ್ಟಾಗ ಬಂದ ಹೊಗೆಯಲ್ಲಿ ಪ್ಯಾಪಿಲೋಮಾ ವೈರಸ್ಸಿನ ಡಿಎನ್ಎ ಹಾಗೆಯೇ ಉಳಿದಿರುವುದನ್ನು 1988ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. 1991ರಲ್ಲಿ ನಾರ್ವೆ ದೇಶದಿಂದ ಒಂದು ವರದಿ ಬಂತು. ಗುಪ್ತಾಂಗದ ನರಹುಲಿಗಳನ್ನು ಲೇಸರಿನಿಂದ ಸುಟ್ಟು ತೆಗೆಯುತ್ತಿದ್ದ 44 ವರ್ಷದ ಶಸ್ತ್ರವೈದ್ಯರೊಬ್ಬರಿಗೆ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಅಂಥವೇ ಗಂಟುಗಳು ಬೆಳೆದವು. ರೋಗಿಗಳಲ್ಲಿ ಸಾಮಾನ್ಯವಾಗಿ ಇರುವ ವೈರಸ್ಸಿನ ಜಾತಿಗಳೇ ಅವರ ಗಂಟಲಲ್ಲೂ ಸಿಕ್ಕವು. ಜರ್ಮನಿಯಲ್ಲಿ ಹೆಂಗಸರ ಆಪರೇಷನ್ ಕೋಣೆಯಲ್ಲಿ ದುಡಿಯುತ್ತಿದ್ದ ಒಬ್ಬ ನರ್ಸಿಗೂ ಇದೇ ರೋಗ ಬಂತು. ಅದು ಕೆಲಸದಿಂದಲೇ ಬಂದ ರೋಗ ಎಂದು ಅಲ್ಲಿ ಒಪ್ಪಿಕೊಂಡರು. ಆ ವರದಿ 2003ರಲ್ಲಿ ಪ್ರಕಟವಾಯಿತು. ಅದಕ್ಕೂ ಒಂದು ವರ್ಷ ಮೊದಲು, ದನಗಳ ನರಹುಲಿಯನ್ನು ಲೇಸರಿನಿಂದ ಸುಟ್ಟು, ಆ ಹೊಗೆಯಲ್ಲಿ ಸಿಕ್ಕದ್ದನ್ನು ಕರುಗಳ ಚರ್ಮಕ್ಕೆ ಸೇರಿಸಿ ನೋಡಿದ್ದರು. ಕರುಗಳಿಗೂ ಅದೇ ಗಂಟುಗಳು ಎದ್ದವು. ಅಂದರೆ ಬೆಂಕಿಗೆ ಸಿಕ್ಕಿದ್ದೆಲ್ಲ ಶುದ್ಧವಾಯಿತು ಎಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ನಡೆಯಲಿಲ್ಲ.

ಈ ಪ್ಯಾಪಿಲೋಮಾ ವೈರಸ್ ನಮಗೆ ಅಪರಿಚಿತವೇನಲ್ಲ, ತಾಯಂದಿರೇ. ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಇದರ ಕೆಲವು ಜಾತಿಗಳೇ. ಕ್ಯಾನ್ಸರ್ ಆಗುವ ಮೊದಲೇ ಕೆಟ್ಟ ಭಾಗವನ್ನು ವಿದ್ಯುತ್ತಿನ ತಂತಿಯ ಕುಣಿಕೆಯಿಂದ ಸವರಿ ತೆಗೆಯುವ ಚಿಕಿತ್ಸೆ ಇದೆ. ಎಷ್ಟೋ ಹೆಂಗಸರ ಜೀವ ಉಳಿಸುವ ಚಿಕಿತ್ಸೆ ಅದು. ಅಲ್ಲಿ ಮಲಗಿದವಳೂ ಹೆಂಗಸು, ಪಕ್ಕದಲ್ಲಿ ನಿಂತವಳೂ ಬಹುಮಟ್ಟಿಗೆ ಹೆಂಗಸೇ. ಒಬ್ಬಳ ರೋಗದ ಹೊಗೆಯನ್ನು ಇನ್ನೊಬ್ಬಳು ಉಸಿರಾಡುತ್ತಾಳೆ.

ಹಾಗೆಂದು ಹೆದರಿಸಲು ಈ ಮಾತು ಬರೆಯುತ್ತಿಲ್ಲ. ಲಕ್ಷಾಂತರ ಆಪರೇಷನ್‌ಗಳ ಮುಂದೆ ಇಂಥ ಪ್ರಕರಣಗಳು ಬೆರಳೆಣಿಕೆಯವು. ಹೊಗೆಯಲ್ಲಿ ವೈರಸ್ಸಿನ ಡಿಎನ್ಎ ಸಿಕ್ಕಿತೆಂದರೆ ಅದರಿಂದ ರೋಗ ಬಂದೇ ಬರುತ್ತದೆ ಎಂದಲ್ಲ. ಎಚ್‌ಐವಿಯ ಡಿಎನ್ಎ ಕೂಡ 1991ರಲ್ಲಿ ಲೇಸರ್ ಹೊಗೆಯಲ್ಲಿ ಕಂಡಿತ್ತು. 2016ರಲ್ಲಿ ಕೊರಿಯಾದ ವೈದ್ಯರು ಕಾಮಾಲೆಯ ಹೆಪಟೈಟಿಸ್ 'ಬಿ' ವೈರಸ್ ಇದ್ದ 11 ರೋಗಿಗಳ ಆಪರೇಷನ್ನಿನ ಹೊಗೆ ಹಿಡಿದು ನೋಡಿದಾಗ 10ರಲ್ಲಿ ಆ ವೈರಸ್ ಸಿಕ್ಕಿತು. ಸಿಕ್ಕಿತು ಎಂಬಲ್ಲಿಂದ ತಗುಲಿತು ಎಂಬಲ್ಲಿಗೆ ದೂರವಿದೆ. ನನ್ನ ಪ್ರಶ್ನೆ ಇರುವುದು ಈ ದೂರದಲ್ಲಿಯೇ. ಪೂರ್ತಿ ಸಾಬೀತಾಗುವ ತನಕ ಕಾಯಬೇಕಾದವರು ಯಾರು? ಕಾಯುವ ಆ ಕಾಲದಲ್ಲಿ ಹೊಗೆ ನುಂಗುವವರು ಯಾರು? ಸಾಬೀತಾಗಲಿ ಎನ್ನುವವರೂ ನುಂಗುವವರೂ ಒಬ್ಬರೇ ಆಗಿದ್ದರೆ ನಾನು ಮಾತಾಡುತ್ತಿರಲಿಲ್ಲ.

ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಅವ್ವನ ಅಡಿಗೆಮನೆ. ಒಂಬತ್ತು ಜನರ ಮನೆ ನಮ್ಮದು. ದಿನಕ್ಕೆ ಎರಡು ಸಲ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಳೆಗಾಲದಲ್ಲಿ ತೊಗರಿಕಟ್ಟಿಗೆ ಹಸಿಯಾಗಿ ಮನೆಯೆಲ್ಲ ಹೊಗೆ. ಅಪ್ಪ ಪಡಸಾಲೆಯಲ್ಲಿ ಕೂತು, "ನಿಮ್ಮವ್ವನ ಕೈ ರೊಟ್ಟಿ ಇಡೀ ಬೀದರ ಜಿಲ್ಲಾದಾಗ ಸಿಗಾಂಗಿಲ್ಲ" ಎಂದು ಹೊಗಳುತ್ತಿದ್ದ. ನಾವೂ ಹೊಗಳುತ್ತಿದ್ದೆವು. ಅವ್ವ ಕೆಮ್ಮುತ್ತ ನಗುತ್ತಿದ್ದಳು. ಮಾಳಿಗೆಗೆ ಒಂದು ಬೆಳಕಿಂಡಿ ಹೆಚ್ಚಿಗೆ ಇಡಿಸೋಣ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಅವಳೇ ಒಮ್ಮೆ ಕೇಳಿದ್ದಳು. ಮಳೆ ನೀರು ಸೋರುತ್ತದೆ ಎಂದು ಅಪ್ಪ ಬೇಡವೆಂದ. ಅವ್ವ ಮತ್ತೆ ಕೇಳಲಿಲ್ಲ. ಕೊನೆಯ ವರ್ಷಗಳಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಅದು ಒಲೆಯ ಹೊಗೆಯಿಂದಲೇ ಬಂತೆಂದು ಯಾವ ವೈದ್ಯರೂ ಬರೆದುಕೊಡಲಿಲ್ಲ. ಬರೆದುಕೊಡಿ ಎಂದು ನಾವೂ ಕೇಳಲಿಲ್ಲ.

ಹೊಗಳುವುದಕ್ಕೆ ಖರ್ಚಿಲ್ಲ. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ವೈದ್ಯರಿಗಾಗಿ, ನರ್ಸುಗಳಿಗಾಗಿ ಚಪ್ಪಾಳೆ ತಟ್ಟಿದಾಗ ನಾನೂ ನಮ್ಮ ಮನೆಯ ಗೇಟಿನ ಮುಂದೆ ನಿಂತು ತಾಟು ಬಡಿದೆ. ಅದಕ್ಕೆ ಹನ್ನೆರಡು ದಿನ ಮೊದಲು, ಮಾರ್ಚ್ 10ರಂದು, ನಮ್ಮ ಪಕ್ಕದ ಕಲಬುರಗಿಯವರೊಬ್ಬರು ಕೊರೊನಾದಿಂದ ತೀರಿಕೊಂಡಿದ್ದರು. ಅದು ದೇಶದಲ್ಲಿಯೇ ಆ ರೋಗದ ಮೊದಲ ಸಾವು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೂ ಸೋಂಕು ತಗುಲಿತ್ತು. ಆ ವರ್ಷ ಆಪರೇಷನ್ನಿನ ಹೊಗೆಯ ವಿಷಯದಲ್ಲಿ ಜಗತ್ತಿನ ಶಸ್ತ್ರವೈದ್ಯರ ಸಂಘಗಳು ಎಚ್ಚರಿಕೆ ಹೇಳಿದವು. ಆ ರೋಗ ಈ ಹೊಗೆಯ ಮೂಲಕ ಹರಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇರಲಿಲ್ಲ, ಆದರೂ ಎಚ್ಚರವಹಿಸಿದರು. ಏಕೆಂದರೆ ಆಗ ಭಯ ಎಲ್ಲರದೂ ಆಗಿತ್ತು. ಭಯ ಇಳಿಯಿತು, ಯಂತ್ರದ ಮೇಲೆ ಮತ್ತೆ ಬಟ್ಟೆ ಬಿತ್ತು.

ಈ ವಿಷಯ ಎತ್ತುವುದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಮರೆಮಾಡಬಾರದು. ಹೊಗೆಯಲ್ಲಿ ವೈರಸ್ ಇದೆ ಎಂಬ ಮಾತು ಹರಡಿದರೆ, 'ಇಂಥ ರೋಗಿ ನಮಗೆ ಬೇಡ' ಎಂದು ಬಾಗಿಲು ಮುಚ್ಚುವವರು ಹುಟ್ಟಿಕೊಳ್ಳುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಓಣಿಯ ಒಬ್ಬ ತುಂಬು ಬಸುರಿಯನ್ನು, ಅವಳ ಗಂಡನ ರೋಗದ ಸುದ್ದಿ ತಿಳಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊನೆಗೆ ಮನೆಯಲ್ಲೇ ಹೆರಿಗೆಯಾಯಿತು. ಒಬ್ಬ ಮುದುಕಿ ಬರಿಗೈಯಲ್ಲಿ ಕೂಸನ್ನು ಹಿಡಿದುಕೊಂಡಳು. ಓದಿದವರು ಹೆದರಿ ದೂರ ನಿಂತರು. ಓದದವಳು ಏನೂ ರಕ್ಷಣೆಯಿಲ್ಲದೆ ಮುಂದೆ ಬಂದಳು. ಎರಡೂ ಸರಿಯಲ್ಲ.

ಯೋಚಿಸಿದರೆ ಇದಕ್ಕೆ ಉತ್ತರವೂ ಅಲ್ಲೇ ಇದೆ. ಯಾರಿಗೆ ಯಾವ ರೋಗ ಇದೆ ಎಂದು ಕೆದಕುವ ಬದಲು ಪ್ರತಿಯೊಬ್ಬರ ಆಪರೇಷನ್ನಿನಲ್ಲೂ ಹೊಗೆಯನ್ನು ಹಿಡಿದುಬಿಟ್ಟರೆ ಯಾರನ್ನೂ ಬೆರಳು ಮಾಡಿ ತೋರಿಸುವ ಪ್ರಸಂಗವೇ ಬರುವುದಿಲ್ಲ. ರೋಗಿಯ ಮಾನವೂ ಉಳಿಯುತ್ತದೆ, ನರ್ಸಿನ ಉಸಿರೂ ಉಳಿಯುತ್ತದೆ. ನಮ್ಮ ದೇಶದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದನ್ನೇ ಹೇಳುತ್ತದೆ. 2017ರಲ್ಲಿ ಆದ ಈ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರೋಗಿಗೆ ಭೇದ ಮಾಡಕೂಡದು. ಸೋಂಕಿನ ಅಪಾಯವಿರುವ ಕಡೆ ದುಡಿಯುವವರಿಗೆ ರಕ್ಷಣೆಯ ಸಾಧನಗಳನ್ನೂ ಸುರಕ್ಷಿತ ವಾತಾವರಣವನ್ನೂ ಒದಗಿಸಬೇಕು. ಎರಡೂ ಮಾತು ಒಂದೇ ಕಾಯ್ದೆಯಲ್ಲಿವೆ. ಅವು ಒಟ್ಟಿಗೆ ಇದ್ದರೇನೇ ನ್ಯಾಯ. ಹೊಗೆಯ ವಿಷಯಕ್ಕೇ ಕಾನೂನು ಮಾಡಿದ ಕಡೆಗಳೂ ಇವೆ. ಅಮೆರಿಕದ ರಾಜ್ಯಗಳಲ್ಲಿ ಮೊದಲು ಮಾಡಿದ್ದು ರೋಡ್ ಐಲ್ಯಾಂಡ್ ಎಂಬ ಪುಟ್ಟ ರಾಜ್ಯ, 2018ರಲ್ಲಿ.

ಮಾಡಬೇಕಾದದ್ದಾದರೂ ಮಹಾ ಕಷ್ಟದ್ದೇನಲ್ಲ. ಹೊಗೆ ಏಳುವ ಜಾಗದಿಂದ ಎರಡು ಇಂಚಿನೊಳಗೆ ಎಳೆಯುವ ನಳಿಕೆ ಹಿಡಿಯಬೇಕು. ಅದರ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು. ವೈರಸ್ಸಿನ ಸಂಶಯ ಹೆಚ್ಚಿರುವ ಕಡೆ ಮುಖಕ್ಕೆ ಬಿಗಿಯಾಗಿ ಕೂಡುವ ಎನ್-95 ಮಾಸ್ಕ್ ಕೊಡಬೇಕು. ಕೋಣೆಯ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗುವಂತೆ ನೋಡಿಕೊಳ್ಳಬೇಕು. ಇದಕ್ಕೆ ದುಡ್ಡು ಬೇಕು, ನಿಜ. ನನ್ನ ಆಪರೇಷನ್ನಿನ ಬಿಲ್ಲಿನಲ್ಲಿ ಹತ್ತಿಗೆ, ದಾರಕ್ಕೆ, ಕೈಗವಸಿಗೆ ಬೇರೆ ಬೇರೆ ಲೆಕ್ಕ ಇತ್ತು. ಫಿಲ್ಟರಿನದೂ ಒಂದು ಸಾಲು ಇದ್ದಿದ್ದರೆ ನಾನು ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಬಿಲ್ಲು ಕೊಟ್ಟು ಮನೆಗೆ ಬಂದಾಗ ಯಾರ ಋಣವೂ ಉಳಿಯಲಿಲ್ಲ ಎಂದುಕೊಂಡಿದ್ದೆ.

ಹೋದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಇಲ್ಲೇ ನೌಬಾದಿನ ಸುರಂಗ ಬಾವಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಶಿಯಾದ ತಂತ್ರದಿಂದ, ಕೆಂಪುಕಲ್ಲನ್ನು ಕೊರೆದು ನೆಲದೊಳಗೇ ನೀರು ಹರಿಸಿದ ಕಾಲುವೆ ಅದು. ನೆಲದ ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳು ಕಾಣುತ್ತವೆ. "ಇಷ್ಟ್ಯಾಕ ಬಾವಿ ತೋಡ್ಯಾರ ಟೀಚರ್? ನೀರು ಸೇದಲಿಕ್ಕ ಒಂದು ಸಾಕಿತ್ತಲ್ಲ?" ಎಂದು ಒಬ್ಬಳು ಕೇಳಿದಳು. ಅಗೆದ ಮಣ್ಣನ್ನು ಮೇಲೆ ತರಲು, ಕೆಳಗೆ ಅಗೆಯುವವರಿಗೆ ಬೆಳಕು ಮತ್ತು ಗಾಳಿ ಸಿಗಲು ಎಂದು ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಆ ಕೂಲಿಯವರ ಹೆಸರು ಯಾವ ಶಾಸನದಲ್ಲಿಯೂ ಸಿಗುವುದಿಲ್ಲ. ಆದರೆ ನೀರು ಬೇಕೆಂದವರು ಕೆಳಗಿರುವವರ ಉಸಿರಿನ ಲೆಕ್ಕವನ್ನೂ ಹಿಡಿಯಲೇಬೇಕಾಯಿತು. ಬಾಯಿ ತೆರೆಯದೆ ಸುರಂಗ ಮುಂದೆ ಸಾಗುತ್ತಲೇ ಇರಲಿಲ್ಲ.

ಅದಾದ ಮುಂದಿನ ವಾರವೇ ನನ್ನ ತಪಾಸಣೆ ಇತ್ತು. ಆ ಹುಡುಗಿ, "ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ ಅಕ್ಕೋರ" ಎಂದು ಫೋನಿನಲ್ಲಿ ಬೇಡಿಕೊಂಡಿದ್ದಳು. ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ವೈದ್ಯೆಯನ್ನು ಕೇಳಿದೆ: "ಅವತ್ತು ಸುಡುವ ವಾಸನೆ ಬರುತ್ತಿತ್ತು, ಅದು ನಿಮಗೆಲ್ಲ ತೊಂದರೆ ಮಾಡುವುದಿಲ್ಲವೇ ಡಾಕ್ಟರೇ?" ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇಷ್ಟು ವರ್ಷದಲ್ಲಿ ಯಾವ ಪೇಷಂಟೂ ಇದನ್ನ ಕೇಳಿರಲಿಲ್ಲ" ಎಂದರು. ಸ್ವಲ್ಪ ತಡೆದು, "ಎಲ್ಲರಿಗಿಂತ ಹತ್ತಿರ ನಿಲ್ಲುವವಳು ನಾನೇ ಅಲ್ವಾ" ಎಂದರು. ನನಗೆ ನಾಚಿಕೆಯಾಯಿತು. ಅವರೂ ಆ ಹೊಗೆಯಲ್ಲಿಯೇ ಇದ್ದಾರೆಂಬುದು ನನ್ನ ಸಿಟ್ಟಿನಲ್ಲಿ ಮರೆತೇಹೋಗಿತ್ತು.

ಎರಡು ತಿಂಗಳಾದ ಮೇಲೆ ಹುಡುಗಿ ಫೋನ್ ಮಾಡಿದಳು. ಯಂತ್ರದ ಮೇಲಿನ ಬಟ್ಟೆ ತೆಗೆದಿದ್ದಾರಂತೆ. ಹೊಸ ಫಿಲ್ಟರ್ ಇನ್ನೂ ಬಂದಿಲ್ಲ, ಬರೆದು ಹಾಕಿದ್ದಾರೆ. ಅಲ್ಲಿಯ ತನಕ ರಕ್ತ ಎಳೆಯುವ ನಳಿಕೆಯನ್ನೇ ಹೊಗೆಯ ಹತ್ತಿರ ಹಿಡಿಯುತ್ತಾರಂತೆ. ಪೂರ್ತಿ ಸಾಲದು, ಆದರೆ ಕಣ್ಣುರಿ ಸ್ವಲ್ಪ ಕಡಿಮೆಯಾಗಿದೆ. "ಫಿಲ್ಟರ್ ಯಾವಾಗ ಬರ್ತದ ಅಂತ ಮೊನ್ನಿ ಮೀಟಿಂಗಿನಾಗ ನಾನೇ ಎದ್ದು ನಿಂತು ಕೇಳಿದೆ ಅಕ್ಕೋರ" ಎಂದಳು. ಧ್ವನಿಯಲ್ಲಿ ಸ್ವಲ್ಪ ಭಯ, ಸ್ವಲ್ಪ ಹೆಮ್ಮೆ. ಶಹಬ್ಬಾಸ್ ಎಂದೆ.

ಈ ಮಾರ್ಚಿನಲ್ಲಿ ಮತ್ತೆ ಹತ್ತನೆಯ ತರಗತಿಯ ಹುಡುಗಿಯರ ಪ್ರಮಾಣಪತ್ರಗಳು ನನ್ನ ಮೇಜಿನ ಮೇಲೆ ಬಂದವು. 'ವಿಧೇಯಳು, ಸಹನಶೀಲಳು' ಎಂದು ಬರೆಯಲು ಹೋದ ಕೈ ನಿಂತಿತು. ಸುರಂಗ ಬಾವಿಯ ಹತ್ತಿರ ಪ್ರಶ್ನೆ ಕೇಳಿದ ಹುಡುಗಿಯದೇ ಮೊದಲ ಹಾಳೆಯಾಗಿತ್ತು. 'ತಿಳಿಯದ್ದನ್ನು ಕೇಳುತ್ತಾಳೆ' ಎಂದು ಬರೆದು ಸಹಿ ಹಾಕಿದೆ.